ಮೂರು ಚೌಕದ ಕತ್ತಲು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಸಾಲುಗಳು ಬಲಕ್ಕೆ ಹೋಗುತ್ತಾ ಹೋಗುತ್ತಾ ಕೆಳಗೆ ಜಾರುತ್ತವೆ. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು, ಹಾಗಾಗಿ ನನ್ನ ಹತ್ತಿರ ಮಾತುಗಳೂ ಕಡಿಮೆ. ಒಂದೊಂದು ವಾಕ್ಯವನ್ನೂ ಮೊದಲು ಹಳೆಯ ರಟ್ಟಿನ ಮೇಲೆ ಬರೆದು, ಸರಿಯಾಗಿದೆಯಾ ಅಂತ ನೋಡಿ, ಆಮೇಲೆ ಇಲ್ಲಿ ಇಳಿಸುತ್ತಿದ್ದೇನೆ. ಗ್ರಂಥಾಲಯದ ಮೇಡಂ, "ನಿಮಗೆ ಗೊತ್ತಿರುವ ಒಬ್ಬ ಕೆಲಸಗಾರರ ಬಗ್ಗೆ ಬರೆದು ಕೊಡಿ, ಎಲ್ಲರದನ್ನೂ ಸೇರಿಸಿ ಒಂದು ಪುಸ್ತಕ ಹೊಲೀತೀನಿ" ಅಂದಿದ್ದರು. ನಾನು ನನ್ನ ಅತ್ತೆಯ ಬಗ್ಗೆ ಬರೆಯುತ್ತೇನೆ. ಅವರ ಬಗ್ಗೆ ಸಂತೋಷವಾಗಿ ಬರೆಯಬೇಕು ಅಂತ ಎರಡು ತಿಂಗಳ ಹಿಂದೆ ಅಂದುಕೊಂಡಿದ್ದೆ. ಈಗ ಬರೆಯುವಾಗ ಭಯವಾಗುತ್ತಿದೆ. ಆದರೂ ಬರೆಯುತ್ತೇನೆ.

ಅತ್ತೆ ಅಂದರೆ ಅಪ್ಪನ ಅಕ್ಕ. ವಯಸ್ಸು ಐವತ್ತೆಂಟು. ನಮ್ಮ ಮನೆಯಲ್ಲೇ ಇರುತ್ತಾರೆ, ಅಡುಗೆಮನೆಯ ಪಕ್ಕದ ಕೋಣೆ ನಮ್ಮಿಬ್ಬರದು. ಮೊದಲು ಹನ್ನೆರಡು ವರ್ಷ ಗಾಜಿನ ಕಾರ್ಖಾನೆಯಲ್ಲಿದ್ದರು. ಸಾಲಾಗಿ ಬರುವ ಬಾಟಲಿಗಳನ್ನು ದೀಪಕ್ಕೆ ಹಿಡಿದು, ಬಿರುಕು, ಗುಳ್ಳೆ ಇದ್ದದ್ದನ್ನು ಆರಿಸಿ ತೆಗೆಯುವುದು ಕೆಲಸ. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಹನ್ನೆರಡು ವರ್ಷ ಹುಡುಕಿದೆ, ಗುಳ್ಳೆ ಇಲ್ಲದ್ದು ಒಂದೂ ಸಿಗಲಿಲ್ಲ" ಅನ್ನುತ್ತಾರೆ. ಕೇಳಿದವರು ಮತ್ತೆ ಕೇಳುವುದಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವರು ಟಾರ್ಚಿನ ಅಂಗಡಿಗೆ ಬಂದರು. ಮನೆಯಲ್ಲಿ ಕರೆಂಟು ಹೋದಾಗ ಹುಡುಕುವ ಟಾರ್ಚುಗಳಲ್ಲ ಇವು. ಗುಹೆಗೆ ಇಳಿಯುವವರು, ನೀರಿನಡಿ ಮುಳುಗುವವರು, ಬೆಟ್ಟದಲ್ಲಿ ಕಳೆದುಹೋದವರನ್ನು ಹುಡುಕುವವರು ಕೊಳ್ಳುವ ದುಬಾರಿ ಟಾರ್ಚುಗಳು. ಅಂಗಡಿ ಕೆಳಗೆ ಇದೆ. ಅತ್ತೆಯ ಜಾಗ ಅದರ ಮೇಲಿನ ಮಹಡಿ. ಕಿಟಕಿ ಇಲ್ಲದ ಮೂವತ್ತು ಅಡಿ ಉದ್ದದ ಕೋಣೆ, ಒಂದು ತುದಿಯಲ್ಲಿ ಮೇಜು, ಇನ್ನೊಂದು ತುದಿಯಲ್ಲಿ ಬಿಳಿ ಗೋಡೆ. ಗೋಡೆಯ ಮೇಲೆ ಅತ್ತೆಯೇ ಪೆನ್ಸಿಲ್ಲಿನಿಂದ ಅಂಗೈ ಅಗಲದ ಚೌಕಗಳನ್ನು ಎಳೆದಿದ್ದಾರೆ. ನಟ್ಟನಡುವೆ ಒಂದು ಕಪ್ಪು ಚುಕ್ಕೆ. ಮೇಜಿನ ಮುಂದೆ ನೆಲದ ಮೇಲೆ ಬಣ್ಣದಲ್ಲಿ ಬರೆದ ಎರಡು ಹೆಜ್ಜೆಗುರುತು. ಅದರ ಮೇಲೆ ನಿಂತು, ಎಡಗಣ್ಣು ಮುಚ್ಚಿ, ಟಾರ್ಚು ಹೊತ್ತಿಸಿ ಚುಕ್ಕೆಗೆ ಹಿಡಿಯುವುದು. ಮಾರಾಟಕ್ಕೆ ಹೋಗುವ ಪ್ರತಿಯೊಂದು ಟಾರ್ಚಿನ ಬೆಳಕೂ ಮೊದಲು ಆ ಗೋಡೆಯ ಮೇಲೆ ಬೀಳಬೇಕು.

ಎಡಗಣ್ಣು ಮುಚ್ಚುವುದು ಬಾಟಲಿ ಕಾಲದ ಅಭ್ಯಾಸ. ಅದನ್ನು ನೋಡಿ ಬೀದಿಯಲ್ಲಿ ಎಲ್ಲರೂ ಅವರನ್ನು ಒಕ್ಕಣ್ಣಮ್ಮ ಅಂತ ಕರೆಯುತ್ತಾರೆ. ಅತ್ತೆಗೆ ಬೇಜಾರಿಲ್ಲ. "ಎರಡೂ ಇದೆಯಪ್ಪ, ಒಂದನ್ನ ಮುದಿತನಕ್ಕೆ ಅಂತ ಎತ್ತಿಟ್ಟಿದ್ದೀನಿ" ಅನ್ನುತ್ತಿದ್ದರು. ಈ ಮಾತನ್ನು ಈಗ ಬರೆಯುವಾಗ ನನ್ನ ಕೈ ಒಂದು ಸಲ ನಿಂತಿತು.

ಬೆಳಕಿನ ದೋಷಗಳಿಗೆ ಅತ್ತೆಯೇ ಹೆಸರಿಟ್ಟಿದ್ದಾರೆ. ನಡುವಿನ ಬೆಳಕು ಒಂದು ಪಕ್ಕಕ್ಕೆ ಸರಿದಿದ್ದರೆ ಅದು ಮೆಳ್ಳೆಗಣ್ಣು. ಅಂಚು ಹಸಿರಾಗಿದ್ದರೆ ಪಾಚಿ. ಬೆಳಕಿನ ಸುತ್ತ ಗೆರೆ ಬಂದರೆ ಉಂಗುರ. ಗಾಜಿನೊಳಗೆ ಎಳೆ ಸಿಕ್ಕಿಕೊಂಡು ಗೋಡೆಯ ಮೇಲೆ ನೆರಳು ಬಿದ್ದರೆ ಮೀಸೆ. ಎಲ್ಲಕ್ಕಿಂತ ಕೆಟ್ಟದ್ದು ತೂತು. ತೂತು ಅಂದರೆ ಬೆಳಕಿನ ನಡುವೆಯೇ ಕಪ್ಪು. "ಮೆಳ್ಳೆಗಣ್ಣಿನವಳ ಜೊತೆ ಸಂಸಾರ ಮಾಡಬಹುದು, ತೂತಿನವಳ ಜೊತೆ ಆಗಲ್ಲ" ಅಂತ ನನಗೆ ಮೊದಲ ದಿನವೇ ಹೇಳಿದ್ದರು. "ಯಾವುದನ್ನ ನೋಡಬೇಕು ಅಂತ ಟಾರ್ಚು ಹಿಡೀತೀವೋ ಅದೇ ಕಾಣಲ್ಲ. ಸುತ್ತಲಿನದೆಲ್ಲ ಚೆನ್ನಾಗಿ ಕಾಣುತ್ತೆ. ಅದಕ್ಕೇ ಜನ ಅದನ್ನ ನಂಬಿಬಿಡ್ತಾರೆ."

ತೂತು ಎಲ್ಲಿಂದ ಬರುತ್ತದೆ ಅಂತಲೂ ಹೇಳಬೇಕು. ಟಾರ್ಚಿನ ಮೂತಿ ತಿರುಗಿಸಿ ಬಿಚ್ಚಿದರೆ ಕನ್ನಡಿಯ ಹಾಗೆ ಹೊಳೆಯುವ ಬೋಗುಣಿ ಇರುತ್ತದೆ. ಬೋಗುಣಿಯ ತಳದಿಂದ ಎಲ್‌ಇಡಿ ಇಣುಕುತ್ತದೆ, ಹಳದಿಯಾಗಿ, ಸಾಸಿವೆಗಿಂತ ಒಂದಿಷ್ಟು ದೊಡ್ಡದಾಗಿ. ಅದರ ಸುತ್ತ ಬಿಳಿ ಪ್ಲಾಸ್ಟಿಕ್ಕಿನ ತೆಳ್ಳನೆ ಬಳೆ. ಬಳೆ ಒಂದು ಕಾಗದದಷ್ಟು ದಪ್ಪವಾಗಿದ್ದರೂ ಎಲ್‌ಇಡಿ ತನ್ನ ಜಾಗದಿಂದ ಕೆಳಗಾಗಿ ಬೆಳಕಿನ ನಡು ಕಪ್ಪಾಗುತ್ತದೆ. ಆಗ ಬಳೆಯನ್ನು ನಯವಾದ ಉಪ್ಪುಕಾಗದದ ಮೇಲೆ ಇಟ್ಟು ಬೆರಳಿನಿಂದ ತಿಕ್ಕಬೇಕು. ಹತ್ತು ಸುತ್ತು ತಿಕ್ಕಿ, ಗೋಡೆಗೆ ಹಿಡಿದು ನೋಡಿ, ಮತ್ತೆ ಹತ್ತು ಸುತ್ತು. ಹೆಚ್ಚು ತಿಕ್ಕಿದರೆ ಬಳೆ ಸವೆದು, ಎಲ್‌ಇಡಿ ಮೇಲಕ್ಕೆ ಬಂದು, ಒಳ್ಳೆಯ ಟಾರ್ಚಿಗೂ ತೂತು ಬೀಳುತ್ತದೆ.

ನನ್ನ ಕೆಲಸ ಒರೆಸುವುದು, ನೀರು ಒಳಗೆ ಹೋಗದ ಹಾಗೆ ತಡೆಯುವ ರಬ್ಬರಿಗೆ ಗ್ರೀಸು ಹಚ್ಚುವುದು, ಪೆಟ್ಟಿಗೆಗೆ ತುಂಬುವುದು. ಬೆಳಕು ನೋಡಿ ತೀರ್ಪು ಕೊಡುವುದು ನನ್ನ ಕೆಲಸವಲ್ಲ. "ಮೂರು ವರ್ಷ ಒರೆಸು, ಆಮೇಲೆ ನೋಡು" ಅನ್ನುವುದು ಅತ್ತೆಯ ನಿಯಮ. ಇನ್ನೊಂದು ನಿಯಮವೂ ಇತ್ತು. ಅವರು ನೋಡಿದ ಟಾರ್ಚನ್ನು ಇನ್ನೊಬ್ಬರು ನೋಡುವ ಹಾಗಿಲ್ಲ. ಇಬ್ಬರು ನೋಡಿದರೆ ಎರಡು ಮಾತು ಬರುತ್ತದೆ, ಎರಡು ಮಾತು ಬಂದರೆ ಟಾರ್ಚು ಮೇಜಿನ ಮೇಲೇ ಉಳಿಯುತ್ತದೆ ಅನ್ನುತ್ತಿದ್ದರು.

ನಾನು ಶಾಲೆ ಬಿಟ್ಟದ್ದು ಓದು ಬಾರದೆ ಅಲ್ಲ. ಎದ್ದು ನಿಂತು ಓದು ಅಂದಾಗ ಗಂಟಲು ಕಟ್ಟುತ್ತಿತ್ತು. ಕಾಲು ನಡುಗುತ್ತಿತ್ತು. ಮಕ್ಕಳು ಮೂಗಿ ಅಂತ ಕರೆದರು, ಆಮೇಲೆ ಒಬ್ಬ ಮೇಷ್ಟ್ರೂ ಹಾಗೇ ಕರೆದರು, ಮರುದಿನದಿಂದ ನಾನು ಹೋಗಲಿಲ್ಲ. ಮನೆಯಲ್ಲಿ ಎಲ್ಲರೂ ಬೈದರು. ಅತ್ತೆ ಮಾತ್ರ, "ನಾಳೆ ನನ್ನ ಜೊತೆ ಬಾ ಮರಿ. ಅಲ್ಲಿ ಯಾರೂ ಎದ್ದು ನಿಂತ್ಕೋ ಅನ್ನಲ್ಲ, ನಾನೇ ನಿಂತಿರ್ತೀನಿ" ಅಂದರು. ಎರಡು ವರ್ಷ ಅವರ ಪಕ್ಕದಲ್ಲಿ ಕೂತು ಒರೆಸಿದ್ದೇನೆ. ಅವರ ಕಣ್ಣು ತಪ್ಪಿದ್ದನ್ನು ಒಂದು ಸಲವೂ ನೋಡಿರಲಿಲ್ಲ.

ಹೊಸ ಸರಕು ಬಂದದ್ದು ಒಂದು ಸೋಮವಾರ. ನಲವತ್ತು ಟಾರ್ಚು. ಅತ್ತೆ ಮೊದಲನೆಯದನ್ನು ಗೋಡೆಗೆ ಹಿಡಿದು, "ತೂತು" ಅಂದರು. ಎರಡನೆಯದು, "ತೂತು." ಏಳನೆಯದಕ್ಕೆ ಬರುವ ಹೊತ್ತಿಗೆ ಅವರು ಮಾತಾಡುವುದನ್ನು ಬಿಟ್ಟು ಬರೀ ತಲೆ ಅಲ್ಲಾಡಿಸುತ್ತಿದ್ದರು. ನಾನು ಒರೆಸುತ್ತಾ ಓರೆಗಣ್ಣಿನಿಂದ ಗೋಡೆ ನೋಡಿದೆ. ನನಗೆ ತೂತು ಕಾಣಲಿಲ್ಲ. ದುಂಡಗೆ, ಬೆಳ್ಳಗೆ, ನಡುವೆ ಗಟ್ಟಿಯಾಗಿದ್ದ ಬೆಳಕು ಕಂಡಿತು. ನನಗೆ ಬಂದ ಯೋಚನೆ ಒಂದೇ, ನನ್ನ ಕಣ್ಣು ಕೆಟ್ಟಿದೆ. ಕೆಟ್ಟ ಕಣ್ಣಿನವಳಿಗೆ ಇಲ್ಲೂ ಕೆಲಸವಿಲ್ಲ. ಅದಕ್ಕೇ ಬಾಯಿ ಬಿಡಲಿಲ್ಲ.

ಮಾಲೀಕರು ಮೇಲೆ ಬಂದರು. ಅವರು ದಪ್ಪಗಿದ್ದಾರೆ, ಮೆಟ್ಟಿಲು ಹತ್ತಿದ ಮೇಲೆ ಸ್ವಲ್ಪ ಹೊತ್ತು ಮಾತು ಬರುವುದಿಲ್ಲ.

"ನಲವತ್ತೂ ಕೆಟ್ಟಿದೆಯಾ ಒಕ್ಕಣ್ಣಮ್ಮ? ನಿಮಗೆ ಹುಣ್ಣಿಮೆ ಚಂದ್ರನ್ನ ತೋರಿಸಿದರೂ ಕಲೆ ಇದೆ, ವಾಪಸ್ ಕಳಿಸಿ ಅಂತೀರಿ."

"ಇದೆಯಲ್ಲ ಮತ್ತೆ? ನಾನೇನು ಸುಳ್ಳು ಹೇಳಿದ್ನಾ?"

"ಕಳಿಸಿದವರು ಒಂದೂ ಕೆಟ್ಟಿರಲ್ಲ ಅಂತಾರೆ."

"ಅವರನ್ನ ಇಲ್ಲಿ ಬಂದು ನಿಲ್ಲೋಕೆ ಹೇಳಿ. ಈ ಹೆಜ್ಜೆ ಮೇಲೆ. ಆಮೇಲೆ ಮಾತಾಡ್ಲಿ."

ಮಾಲೀಕರು ಕೈಮುಗಿದು ಇಳಿದರು. ಅವರೂ ಗೋಡೆ ನೋಡಲಿಲ್ಲ. ಅತ್ತೆ ಇರುವಾಗ ಬೇರೆ ಯಾರೂ ನೋಡುವುದಿಲ್ಲ, ಅದು ಅಲ್ಲಿನ ಪದ್ಧತಿಯೇ ಆಗಿತ್ತು. ಅತ್ತೆ ಬಳೆ ತಿಕ್ಕಲು ಶುರು ಮಾಡಿದರು. ದಿನಕ್ಕೆ ಒಂದು, ಎರಡು. ಸಂಜೆ ಬೆರಳ ತುದಿ ಬಿಳಿ ಪುಡಿಯಾಗಿರುತ್ತಿತ್ತು. "ಎಷ್ಟು ತಿಕ್ಕಿದ್ರೂ ಹೋಗಲ್ಲ ಅನ್ನುತ್ತಲ್ಲ, ಇದೆಂಥ ಹಟಮಾರಿ ತೂತು" ಅನ್ನುತ್ತಿದ್ದರು. ಕೆಲವೊಮ್ಮೆ ತಲೆ ಒಂದಿಷ್ಟು ಓರೆ ಮಾಡಿ, "ಹಾಂ, ಈಗ ಪರವಾಗಿಲ್ಲ" ಅಂದು ನನಗೆ ಕೊಡುತ್ತಿದ್ದರು.

ಎರಡನೆಯ ವಾರ ಅವರಿಗೆ ಗೋಡೆಯ ಮೇಲೆ ಅನುಮಾನ ಬಂತು. ಚೌಕದ ಗೆರೆಗಳು ನಡುವೆ ಉಬ್ಬಿವೆ, ಮೇಲಿನ ಮನೆಯ ನೀರು ಇಳಿದು ಗಾರೆ ಎದ್ದಿದೆ ಅಂದರು. ಗಾರೆ ಕೆಲಸದವನನ್ನು ಕರೆಸಿದರು. ಅವನು ಗುಂಡು ಕಟ್ಟಿದ ದಾರ ಇಳಿಬಿಟ್ಟ. ಪೆನ್ಸಿಲ್ ಗೆರೆಯೂ ದಾರವೂ ಒಂದರ ಮೇಲೊಂದು ಕೂತವು.

"ಅಮ್ಮಾ, ಗೋಡೆ ನೆಟ್ಟಗಿದೆ. ಗೆರೆನೂ ನೆಟ್ಟಗಿದೆ."

"ಹಾಗಾದ್ರೆ ನಿನ್ನ ದಾರ ಕುಡಿದು ಬಂದಿದೆ."

"ದಾರಕ್ಕೆ ಕುಡಿಸೋಷ್ಟು ನನ್ನ ಹತ್ರ ಎಲ್ಲಿದೆ ಅಮ್ಮಾ, ನನಗೇ ಸಾಲಲ್ಲ" ಅಂತ ನಕ್ಕು ಅವನು ಹೋದ. ಅತ್ತೆಯೂ ನಕ್ಕರು. ನನಗೆ ನಗು ಬರಲಿಲ್ಲ. ದಾರ ಪಕ್ಕದಲ್ಲೇ ಇದ್ದರೂ ಅವರಿಗೆ ಗೆರೆ ಡೊಂಕಾಗಿ ಕಂಡಿತ್ತು. ಅದು ಯಾಕೆ ಅಂತ ನನಗೆ ಗೊತ್ತಾಗಲಿಲ್ಲ. ಮನೆಯಲ್ಲಿ ಅತ್ತೆ ಚೆನ್ನಾಗೇ ಇದ್ದರು. ಎರಡೂ ಕಣ್ಣು ತೆರೆದು ಸೂಜಿಗೆ ದಾರ ಪೋಣಿಸುತ್ತಿದ್ದರು, ನನ್ನ ಅಮ್ಮ ಮಾಡಿದ ಅನ್ನದಲ್ಲಿ ಕಲ್ಲು ಹುಡುಕಿ ತಟ್ಟೆಯ ಅಂಚಿಗೆ ಇಡುತ್ತಿದ್ದರು. ಅಮ್ಮ, "ಅತ್ತಿಗೆ, ನೀವು ಊಟ ಮಾಡ್ತೀರೋ ಪರೀಕ್ಷೆ ಮಾಡ್ತೀರೋ?" ಅನ್ನುತ್ತಿದ್ದಳು. ಎಲ್ಲ ಎಂದಿನ ಹಾಗೇ ಇತ್ತು.

ಆಮೇಲೆ ಸುರಂಗದಕ್ಕ ಬಂದರು. ಅವರು ಕುಡಿಯುವ ನೀರಿನ ದೊಡ್ಡ ಸುರಂಗಗಳನ್ನು ನೋಡಿಕೊಳ್ಳುವವರು. ನೀರು ನಿಲ್ಲಿಸಿದ ದಿನಗಳಲ್ಲಿ ಒಳಗೆ ನಡೆದು ಬಿರುಕು ಹುಡುಕುತ್ತಾರೆ. ಆರು ವರ್ಷದಿಂದ ಅತ್ತೆ ನೋಡಿ ಕೊಟ್ಟ ಟಾರ್ಚನ್ನೇ ಒಯ್ಯುತ್ತಾರೆ. ಹೊಸ ಸರಕಿನ ಒಂದು ಟಾರ್ಚನ್ನು ಅತ್ತೆ ತಿಕ್ಕಿ, ತಲೆ ಓರೆ ಮಾಡಿ, ಪರವಾಗಿಲ್ಲ ಅಂದು ಅವರಿಗೆ ಕೊಟ್ಟಿದ್ದರು. ಹತ್ತು ದಿನದ ಮೇಲೆ ಅವರು ಕುಂಟುತ್ತಾ ಮೆಟ್ಟಿಲು ಹತ್ತಿದರು. ಮೊಣಕಾಲಿನ ಕೆಳಗೆ ಬಟ್ಟೆ ಸುತ್ತಿತ್ತು. ಕೂಗಲಿಲ್ಲ. ಟಾರ್ಚನ್ನು ಮೇಜಿನ ಮೇಲೆ ಇಟ್ಟು ಸ್ಟೂಲಿನ ಮೇಲೆ ಕೂತರು.

"ಬೆಳಿಗ್ಗೆ ಹತ್ತು ಗಂಟೆಗೆ ಇಳಿದೆ" ಅಂದರು. "ಮುಂದೆ ಒಂದು ಗುಂಡಿ ಇದೆ, ಅದರ ಮೇಲೆ ಕಬ್ಬಿಣದ ಜಾಲರಿ ಇರುತ್ತೆ. ಜಾಲರಿ ಇದೆಯಾ ಅಂತ ನೋಡೋಕೆ ಬೆಳಕು ನೇರ ಅಲ್ಲಿಗೇ ಹಿಡಿದೆ. ಸುತ್ತ ಗೋಡೆ ಕಾಣ್ತು, ನೆಲ ಕಾಣ್ತು, ಮಧ್ಯ ಮಾತ್ರ ಮಂಕಾಗಿ ಕಪ್ಪಗಿತ್ತು. ಜಾಲರಿ ಮೇಲೆ ಕೆಸರು ಕೂತಿದೆ ಅಂದ್ಕೊಂಡೆ. ಕಾಲಿಟ್ಟೆ. ಜಾಲರಿನೇ ಇರಲಿಲ್ಲ."

ನನ್ನ ಕೈಯಲ್ಲಿದ್ದ ಬಟ್ಟೆ ಬಿತ್ತು.

"ಪಕ್ಕದ ಸರಳು ಕೈಗೆ ಸಿಕ್ತು, ಅದಕ್ಕೇ ಇಲ್ಲಿ ಕೂತಿದ್ದೀನಿ. ನಾನು ನಿಮ್ಮ ಮೇಲೆ ದೂರು ಹೇಳೋಕೆ ಬರಲಿಲ್ಲ ಅಕ್ಕಾ. ನೀವು ನೋಡಿದ ಟಾರ್ಚಲ್ಲಿ ಹೀಗೆ ಹೇಗಾಯ್ತು ಅಂತ ಕೇಳೋಕೆ ಬಂದೆ."

ಅತ್ತೆ ಟಾರ್ಚು ತಗೊಂಡು ಹೆಜ್ಜೆಗುರುತಿನ ಮೇಲೆ ನಿಂತರು. ಎಡಗಣ್ಣು ಮುಚ್ಚಿ ಗೋಡೆಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಇದೆ" ಅಂದರು. "ಆದರೆ ಉಳಿದವಕ್ಕಿಂತ ಹೆಚ್ಚೇನಿಲ್ಲ. ಎಲ್ಲದರಲ್ಲೂ ಇಷ್ಟೇ ಇದೆ."

ನಾನು ಗೋಡೆ ನೋಡಿದೆ. ಬೆಳಕಿನ ನಡುವೆ ಬೂದು ಬಣ್ಣದ ದೊಡ್ಡ ತೂತು ಇತ್ತು. ನನ್ನ ಜೀವನದಲ್ಲಿ ಅಷ್ಟು ಸ್ಪಷ್ಟವಾದ ತೂತು ನೋಡಿರಲಿಲ್ಲ. ಅದು ನನಗೆ ಕಂಡಿತು. ಅಂದರೆ ನನ್ನ ಕಣ್ಣು ಸರಿ ಇದೆ. ತೂತು ಇದ್ದರೆ ನನಗೆ ಕಾಣುತ್ತದೆ. ಹಾಗಾದರೆ ಆ ಮೊದಲ ಸೋಮವಾರ ನೋಡಿದವುಗಳಲ್ಲಿ ತೂತು ಇರಲೇ ಇಲ್ಲ. ಅತ್ತೆಗೆ ಎಲ್ಲದರಲ್ಲೂ ಕಾಣುತ್ತಿರುವುದು ಟಾರ್ಚಿನಲ್ಲಿಲ್ಲ.

ಇದಕ್ಕೆ ತೂತು ಬಿದ್ದದ್ದು ಅತ್ತೆ ತಿಕ್ಕಿ ತಿಕ್ಕಿ ಬಳೆ ಸವೆಸಿದ್ದರಿಂದ.

ಸುರಂಗದಕ್ಕನಿಗೆ ಮಾಲೀಕರು ಬೇರೆ ಟಾರ್ಚು ಕೊಟ್ಟು ಕಳಿಸಿದರು. ಅತ್ತೆ ವಾಪಸ್ ಬಂದದ್ದನ್ನು ಬಿಚ್ಚಿ ಮತ್ತೆ ತಿಕ್ಕಲು ಕೂತರು. ನಾನು ಮಾತಾಡಬೇಕಿತ್ತು. ಮಾತು ಬರದೆ, ಎದ್ದು ಹೋಗಿ ನನ್ನ ಎರಡು ಕೈಯಿಂದ ಅವರ ಕೈ ಹಿಡಿದೆ. ಉಪ್ಪುಕಾಗದ ಕೆಳಗೆ ಬಿತ್ತು.

"ಏನೇ ಇದು? ಹೆದರಿಕೊಂಡ್ಯಾ? ಅವಳಿಗೇನೂ ಆಗಿಲ್ಲ ಬಿಡು."

ನಾನು ಅವರನ್ನು ಎಳೆದುಕೊಂಡು ಹೋಗಿ ಹೆಜ್ಜೆಗುರುತಿನ ಮೇಲೆ ನಿಲ್ಲಿಸಿದೆ. ಪೆಟ್ಟಿಗೆಯಿಂದ ಇನ್ನೂ ತಿಕ್ಕದ ಒಂದು ಹೊಸ ಟಾರ್ಚು ತೆಗೆದು ಗೋಡೆಗೆ ಹಿಡಿದೆ. ಇನ್ನೊಂದು ಅಂಗೈಯಿಂದ ಅವರ ಬಲಗಣ್ಣು ಮುಚ್ಚಿದೆ. ಇಪ್ಪತ್ತು ವರ್ಷದಿಂದ ಆ ಗೋಡೆಯನ್ನು ನೋಡದ ಎಡಗಣ್ಣು ತೆರೆದುಕೊಂಡಿತು. ಅವರ ರೆಪ್ಪೆ ನನ್ನ ಅಂಗೈಯೊಳಗೆ ಹೊಡೆದುಕೊಳ್ಳುತ್ತಿತ್ತು.

ಅತ್ತೆ ಚುಕ್ಕೆಯನ್ನೇ ನೋಡಿದರು.

"ಗೋಡೆ ನೆಟ್ಟಗಾಯ್ತಲ್ಲೇ" ಅಂದರು.

ಆಮೇಲೆ, "ಕೈ ತೆಗಿ." ತೆಗೆದೆ, ಅವರು ಎಡಗಣ್ಣು ಮುಚ್ಚಿ ನೋಡಿದರು. "ಮುಚ್ಚು." ಮುಚ್ಚಿದೆ. ಹೀಗೆ ಐದಾರು ಸಲ. ಕೊನೆಗೆ ಅವರೇ ನನ್ನ ಕೈಯಿಂದ ಟಾರ್ಚು ತಗೊಂಡು ಆರಿಸಿ, ನೆಲದ ಮೇಲೆ ಕೂತುಬಿಟ್ಟರು. ಅತ್ತೆ ನೆಲದ ಮೇಲೆ ಕೂತದ್ದನ್ನು ನಾನು ಅಂಗಡಿಯಲ್ಲಿ ಯಾವತ್ತೂ ನೋಡಿರಲಿಲ್ಲ.

"ಯಾರಿಗೂ ಹೇಳಬೇಡ" ಅಂದರು. ಅವರ ದನಿ ನನ್ನ ದನಿಯ ಹಾಗೆ ಸಣ್ಣಗಾಗಿತ್ತು. "ನಿಮ್ಮಪ್ಪನಿಗೂ ಬೇಡ. ಮಾಲೀಕರಿಗೆ ಗೊತ್ತಾದರೆ ನಾಳೆಯಿಂದ ಮನೇಲಿ ಬಟಾಣಿ ಸುಲೀತಾ ಕೂರಬೇಕಾಗುತ್ತೆ. ನಾನು ಎಡಗಣ್ಣಿಗೆ ಕೆಲಸ ಕಲಿಸ್ತೀನಿ. ಆಣೆ ಮಾಡು."

ನಾನು ತಲೆ ಆಡಿಸಿದೆ. ಅದು ನಾನು ಮಾಡಿದ ತಪ್ಪು. ಅದನ್ನು ಇಲ್ಲಿ ಮುಚ್ಚಿಡದೆ ಬರೆಯುತ್ತಿದ್ದೇನೆ.

ಅತ್ತೆಯ ಸ್ವಭಾವ ಹೇಗೆಂದರೆ, ದೋಷ ಅಂತ ಗೊತ್ತಾದ ಮೇಲೆ ಅದರ ಅಳತೆ ತೆಗೆಯದೆ ಬಿಡುವುದಿಲ್ಲ. ಒಂದು ಗಂಟೆ ಕಳೆದ ಮೇಲೆ ಎದ್ದರು. ಹೆಜ್ಜೆಗುರುತಿನ ಮೇಲೆ ನಿಂತು ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡರು. ನನ್ನ ಕೈಗೆ ಪೆನ್ಸಿಲ್ ಕೊಟ್ಟು ಗೋಡೆಯ ಹತ್ತಿರ ನಿಲ್ಲಿಸಿದರು.

"ನಾನು ಚುಕ್ಕೆ ಇರೋ ಕಡೆಗೇ ನೋಡ್ತಿರ್ತೀನಿ. ನೀನು ಪೆನ್ಸಿಲನ್ನ ಅಂಚಿಂದ ಚುಕ್ಕೆ ಕಡೆಗೆ ನಿಧಾನ ತಗೊಂಡು ಬಾ. ಹೋಯ್ತು ಅಂದ ತಕ್ಷಣ ಅಲ್ಲೊಂದು ಗೀಟು ಹಾಕು."

ನಾನು ಪೆನ್ಸಿಲ್ ಸರಿಸಿದೆ.

"ಇದೆ… ಇದೆ… ಇದೆ… ಹೋಯ್ತು."

ಗೀಟು ಹಾಕಿದೆ. ಇನ್ನೊಂದು ಕಡೆಯಿಂದ.

"ಇದೆ… ಇದೆ… ಹೋಯ್ತು. ನಿನ್ನ ಬೆರಳೂ ಹೋಯ್ತು ಕಣೇ."

ನನ್ನ ಬೆರಳು ನನ್ನ ಮುಂದೆಯೇ ಇತ್ತು. ನನಗೆ ಅದು ಕಾಣುತ್ತಿತ್ತು, ಅವರಿಗೆ ಇರಲಿಲ್ಲ. ಎರಡು ಗೀಟು ಡೊಂಕಾದವು. ಎಲ್ಲ ಗೀಟುಗಳನ್ನು ಸೇರಿಸಿದಾಗ ಚುಕ್ಕೆಯ ಸುತ್ತ ಒಂದು ಆಕಾರ ಬಂತು. ಅಗಲ ಮೂರು ಚೌಕ.

"ಒಂದು ಸಲ ನಿನ್ನ ಮುಖ ಚುಕ್ಕೆ ಹತ್ರ ತಾ" ಅಂದರು. ನಾನು ಬಗ್ಗುವಷ್ಟರಲ್ಲಿ, "ಬೇಡ, ಬೇಡ, ತರಬೇಡ" ಅಂದು ಕಣ್ಣಿನ ಬಟ್ಟೆ ಬಿಚ್ಚಿಬಿಟ್ಟರು.

ಮರುದಿನ ಮತ್ತೆ ಅಳೆದೆವು. ಅಗಲ ಮೂರು ಚೌಕ, ಮೇಲೆ ಸ್ವಲ್ಪ. "ನೀನು ಹಾಕಿದ ಗೀಟು ಡೊಂಕು, ಅದಕ್ಕೇ ಹಾಗೆ" ಅಂದರು ಅತ್ತೆ. ಅದರ ಮರುದಿನ ನಾನು ಉಸಿರು ಹಿಡಿದು ಗೀಟು ಹಾಕಿದೆ. ಪೂರ್ತಿ ನಾಲ್ಕು ಚೌಕ. ಅತ್ತೆ ಹತ್ತಿರ ಬಂದು, ಎರಡೂ ಕಣ್ಣು ತೆರೆದು, ಮೂರು ದಿನದ ಗೀಟುಗಳನ್ನು ಒಂದರ ಪಕ್ಕ ಒಂದು ನೋಡಿದರು. "ಬೆಳೀತಿದೆ" ಅಂದರು. ಹೋಗಿ ಎಡಗಣ್ಣಿನಿಂದ ಟಾರ್ಚು ನೋಡಲು ನಿಂತರು. ಅಭ್ಯಾಸಕ್ಕೆ ಅವರ ಎಡಗಣ್ಣೇ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅವರು ಬೆರಳಿನಿಂದ ಅದನ್ನು ಬಿಡಿಸಿ ತೆರೆಯುತ್ತಿದ್ದರು.

ಅದನ್ನು ನೋಡಿಕೊಂಡು ಕೂರಲು ನನಗೆ ಆಗಲಿಲ್ಲ. ಬೆಳೆದು ಬೆಳೆದು ಗೋಡೆ ಪೂರ್ತಿ ಆದರೆ? ಎಡಗಣ್ಣಿಗೂ ಬಂದರೆ? ನಾನು ನೀರು ತರುತ್ತೇನೆ ಅಂತ ಸನ್ನೆ ಮಾಡಿ ಕೆಳಗೆ ಇಳಿದೆ. ಹದಿನೆಂಟು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮಾಲೀಕರು ಗಿರಾಕಿಯೊಬ್ಬರ ಜೊತೆ ಮಾತಾಡುತ್ತಿದ್ದರು.

"ಏನಮ್ಮಾ? ಗ್ರೀಸು ಮುಗೀತಾ?"

ಗಿರಾಕಿ ನನ್ನನ್ನೇ ನೋಡುತ್ತಿದ್ದರು. ಕಾಲು ನಡುಗಿ ಗಾಜಿನ ಕಪಾಟು ಹಿಡಿದುಕೊಂಡೆ. ಕಪಾಟಿನೊಳಗಿನ ಟಾರ್ಚುಗಳೂ ಅಲ್ಲಾಡಿದವು. ಆಮೇಲೆ ಮಾತು ಬಂತು, ಅದೂ ಜೋರಾಗಿ ಬಂತು.

"ಟಾರ್ಚು ಕೆಟ್ಟಿಲ್ಲ. ಅತ್ತೆ ಬಲಗಣ್ಣಲ್ಲಿ ತೂತಿದೆ. ಮೊನ್ನೆ ಮೂರು ಚೌಕ ಇತ್ತು, ಇವತ್ತು ನಾಲ್ಕಾಗಿದೆ. ಹೇಳಬೇಡ ಅಂತ ಆಣೆ ಮಾಡಿಸಿದ್ದಾರೆ. ನಾನು ಹೇಳ್ತಿದ್ದೀನಿ."

ಮಾಲೀಕರ ಬಾಯಿ ತೆರೆದೇ ಇತ್ತು. ಅವರು ಏನು ಬೈಯುತ್ತಾರೋ, ಅತ್ತೆಯನ್ನು ಇವತ್ತೇ ಕಳಿಸಿಬಿಡುತ್ತಾರೋ ಅಂತ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಗಿರಾಕಿಗೆ, "ಸ್ವಾಮಿ, ನಾಳೆ ಬನ್ನಿ" ಅಂದರು. ಕೈಯಲ್ಲಿದ್ದ ಹೊಸ ಟಾರ್ಚನ್ನು ಪೆಟ್ಟಿಗೆಗೆ ಹಾಕುವುದನ್ನೂ ಮರೆತು ಮೆಟ್ಟಿಲು ಹತ್ತಿದರು. ಅವರು ಅಷ್ಟು ಬೇಗ ಹತ್ತಿದ್ದನ್ನು ನಾನು ನೋಡಿರಲಿಲ್ಲ. ಮೇಲೆ ಹೋದ ಮೇಲೆ ಎಂದಿನ ಹಾಗೆ ಅವರಿಗೆ ಮಾತು ಬರಲಿಲ್ಲ. ಅತ್ತೆ ಅವರನ್ನು ನೋಡಿದರು, ಅವರ ಹಿಂದೆ ನಿಂತಿದ್ದ ನನ್ನನ್ನು ನೋಡಿದರು.

"ಎರಡು ವರ್ಷ ಬಾಯಿ ಬಿಡದವಳು" ಅಂದರು, "ಇವತ್ತೇ ಬಿಡಬೇಕಿತ್ತಾ?"

ನಾನು ಅತ್ತುಬಿಟ್ಟೆ.

ಮಾಲೀಕರು ಉಸಿರು ಹಿಡಿದುಕೊಂಡು, "ಚಪ್ಪಲಿ ಹಾಕ್ಕೊಳ್ಳಿ ಒಕ್ಕಣ್ಣ…" ಅಂದು, ಆ ಹೆಸರನ್ನು ಅರ್ಧಕ್ಕೇ ನುಂಗಿದರು. "ಚಪ್ಪಲಿ ಹಾಕ್ಕೊಳ್ಳಿ ಅಮ್ಮ. ಆಟೋ ಕರೀತೀನಿ."

ಕಣ್ಣಿನ ಆಸ್ಪತ್ರೆಯಲ್ಲಿ ಉದ್ದದ ಬೆಂಚು ಇತ್ತು. ಕಣ್ಣಿಗೆ ಔಷಧಿ ಹಾಕಿಸಿಕೊಂಡವರು ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದರು. ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಆದರೆ ನನ್ನ ಕೈ ಬಿಡಲಿಲ್ಲ. ಒಳಗೆ ಡಾಕ್ಟರಮ್ಮ ಒಂದು ಅಂಗೈ ಅಗಲದ ಕಾರ್ಡು ತೆಗೆದು ಕೊಟ್ಟರು. ಅದನ್ನು ನೋಡಿ ನಾನು ಬೆಚ್ಚಿಬಿದ್ದೆ. ಬಿಳಿ ಕಾರ್ಡಿನ ಮೇಲೆ ಸಣ್ಣ ಸಣ್ಣ ಚೌಕ, ನಡುವೆ ಕಪ್ಪು ಚುಕ್ಕೆ. ನಮ್ಮ ಗೋಡೆಯನ್ನೇ ಯಾರೋ ಚಿಕ್ಕದು ಮಾಡಿ ಇಲ್ಲಿಗೆ ತಂದ ಹಾಗಿತ್ತು.

"ಒಂದು ಕಣ್ಣು ಮುಚ್ಚಿ, ಚುಕ್ಕೆ ನೋಡಿ. ಗೆರೆ ಎಲ್ಲಾದರೂ ಡೊಂಕಾಗಿ ಕಾಣುತ್ತಾ?"

"ಇದನ್ನೇ ನೋಡ್ಕೊಂಡು ನಾನು ಇಪ್ಪತ್ತು ವರ್ಷ ಬದುಕಿದ್ದೀನಿ ಡಾಕ್ಟ್ರೇ" ಅಂದರು ಅತ್ತೆ. ಮೂವತ್ತು ಅಡಿ ದೂರ, ಅಂಗೈ ಅಗಲದ ಚೌಕ, ಮೊನ್ನೆ ಮೂರು, ಇವತ್ತು ನಾಲ್ಕು ಅಂತ ಲೆಕ್ಕ ಹೇಳಿದರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವರನ್ನು ನೋಡಿದರು.

ಪರೀಕ್ಷೆ ಎರಡು ಗಂಟೆ ನಡೆಯಿತು. ಕಣ್ಣಿನ ಹಿಂಭಾಗದಲ್ಲಿ, ನೇರ ನೋಟದ ಜಾಗದಲ್ಲಿ, ಹೊಸದಾಗಿ ಬೆಳೆದ ಸಣ್ಣ ರಕ್ತನಾಳ ಸೋರುತ್ತಿದೆ ಅಂದರು. ಸೋರಿದ ಕಡೆ ಊದಿದ್ದರಿಂದ ಗೆರೆ ಡೊಂಕು ಕಾಣುತ್ತದೆ, ನಡುವೆ ಕಪ್ಪು ಕಾಣುತ್ತದೆ. ಕಣ್ಣಿನೊಳಗೆ ಸೂಜಿಮದ್ದು ಕೊಟ್ಟು ಸೋರಿಕೆ ನಿಲ್ಲಿಸಬಹುದು, ತಿಂಗಳಿಗೊಂದರಂತೆ ಕೆಲವು ಕೊಡಬೇಕು.

"ಶುರುವಾಗಿ ಎಷ್ಟು ದಿನ ಆಯ್ತು?"

ಅತ್ತೆ ನೆನಪು ಮಾಡಿಕೊಳ್ಳುವ ಮೊದಲೇ ನಾನು, "ಇಪ್ಪತ್ತಾರು" ಅಂದೆ. ಸರಕು ಬಂದ ಸೋಮವಾರದಿಂದ ಎಣಿಸಿಟ್ಟಿದ್ದೆ.

"ಹೋದ ನೋಟದಲ್ಲಿ ಎಷ್ಟು ವಾಪಸ್ ಬರುತ್ತೆ, ಡಾಕ್ಟ್ರೇ?" ಅಂತ ಅತ್ತೆ ಕೇಳಿದರು.

"ಈಗಲೇ ಹೇಳೋಕಾಗಲ್ಲಮ್ಮ. ಎರಡೂ ಕಣ್ಣು ತೆರೆದು ನೋಡೋರು ತಿಂಗಳುಗಟ್ಟಲೆ ಗೊತ್ತಾಗದೆ ಇರ್ತಾರೆ. ನಿಮಗೆ ಬೇಗ ಕಂಡಿದೆ. ಆದರೆ ಇನ್ನೂ ಬೇಗ ಬರಬಹುದಿತ್ತು. ಎಡಗಣ್ಣು ಸದ್ಯಕ್ಕೆ ಚೆನ್ನಾಗಿದೆ. ಅದಕ್ಕೂ ಬರಬಹುದು. ದಿನಾ ಚೌಕ ನೋಡಿ, ಒಂದು ಗೆರೆ ಬಗ್ಗಿದರೂ ಅವತ್ತೇ ಬನ್ನಿ. ನಾಳೆಗೆ ಅಂತ ಇಡಬೇಡಿ."

ಇನ್ನೂ ಬೇಗ ಬರಬಹುದಿತ್ತು ಅನ್ನುವ ಮಾತು ನನಗೆ. ಡಾಕ್ಟರಮ್ಮನಿಗೆ ಅದು ಗೊತ್ತಿಲ್ಲ. ನಾನು ತಲೆ ಆಡಿಸಿ ಸುಮ್ಮನಿದ್ದ ಎರಡು ದಿನದಲ್ಲಿ ಒಂದು ಚೌಕ ಹೋಗಿದೆ. ಅದು ವಾಪಸ್ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಸೂಜಿ. ಅಪ್ಪ, ಅಮ್ಮ, ಮಾಲೀಕರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಬಾಗಿಲ ತನಕ ನನಗೆ ಮಾತ್ರ ಹೋಗಲು ಬಿಟ್ಟರು. ಹಸಿರು ಟೊಪ್ಪಿ ಹಾಕಿಕೊಂಡ ಅತ್ತೆ ತುಂಬ ಚಿಕ್ಕವರಾಗಿ ಕಂಡರು.

"ಮರಿ, ಹೆದರಿಕೆ ಆಗ್ತಿದೆಯೇ" ಅಂದರು. ಅವರು ನನ್ನನ್ನು ಕೇಳುತ್ತಿಲ್ಲ, ತಮ್ಮದನ್ನು ಹೇಳುತ್ತಿದ್ದಾರೆ ಅಂತ ಗೊತ್ತಾಗಲು ನನಗೆ ಒಂದು ಕ್ಷಣ ಬೇಕಾಯಿತು.

"ನನಗೂ" ಅಂದೆ.

"ಸೂಜಿ ನೆಟ್ಟಗಿದೆಯಾ ಅಂತ ನೀನೊಂದು ಸಲ ನೋಡಬಹುದಿತ್ತು" ಅಂದು ನಗಲು ನೋಡಿದರು. ಬಾಗಿಲು ಮುಚ್ಚಿತು.

ಇದಾಗಿ ಹನ್ನೊಂದು ದಿನ ಆಯಿತು. ಅತ್ತೆ ಅಂಗಡಿಗೆ ಬರುತ್ತಿದ್ದಾರೆ, ಕಪ್ಪು ಕನ್ನಡಕ ಹಾಕಿಕೊಂಡು. ಮಾಲೀಕರು ಅವರನ್ನು ಕೆಲಸದಿಂದ ಬಿಡಿಸಲಿಲ್ಲ. ಅತ್ತೆ ತಿಕ್ಕಿದ ಮೇಲೆ ಮಾರಾಟವಾಗಿದ್ದ ಇನ್ನೆರಡು ಟಾರ್ಚುಗಳನ್ನು ಮಾಲೀಕರೇ ಹೋಗಿ ಮರಳಿ ತಂದರು. ಒಬ್ಬರ ನೋಟವೇ ಸಾಕು ಅನ್ನುವ ನಿಯಮವನ್ನು ಅತ್ತೆಯೇ ತೆಗೆದುಹಾಕಿದ್ದಾರೆ. ಈಗ ಅವರು ಎಡಗಣ್ಣಿನಿಂದ ನೋಡುತ್ತಾರೆ, ಆಮೇಲೆ ನಾನು ನೋಡುತ್ತೇನೆ. ಇಬ್ಬರೂ ಸರಿ ಅಂದರೆ ಮಾತ್ರ ಪೆಟ್ಟಿಗೆಗೆ. ನಿನ್ನೆ ಒಂದಕ್ಕೆ ನಾನು ಪಾಚಿ ಅಂದೆ, ಅವರು ಇಲ್ಲ ಅಂದರು. ಅರ್ಧ ಗಂಟೆ ಜಗಳವಾಡಿದೆವು. ಕೊನೆಗೆ ಪಾಚಿ ಇತ್ತು. ಅತ್ತೆ, "ಮೂರು ವರ್ಷ ಅಂದಿದ್ದೆ, ಎರಡಕ್ಕೇ ಏರಿಬಿಟ್ಲು" ಅಂತ ಗೋಡೆಗೆ ಹೇಳಿದರು.

ಗೋಡೆಯ ಮೇಲೆ ದಿನಾ ಬೆಳಿಗ್ಗೆ ಗೀಟು ಹಾಕುತ್ತೇವೆ. ಸೂಜಿಯ ನಂತರ ಐದು ದಿನ ನಾಲ್ಕು ಚೌಕವೇ ಇತ್ತು. ಆರನೆಯ ದಿನ ಒಂದು ಕಡೆಯ ಗೀಟು ಎರಡು ಬೆರಳು ಒಳಗೆ ಬಂತು. ಆಮೇಲೆ ಅಲ್ಲೇ ನಿಂತಿದೆ. ಅತ್ತೆ ಅದನ್ನು ಲೆಕ್ಕಕ್ಕೆ ತಗೊಳ್ಳಬೇಡ ಅನ್ನುತ್ತಾರೆ. ನಾನು ಪ್ರತಿ ದಿನ ಪೆನ್ಸಿಲ್ ಸರಿಸುವಾಗ "ಇದೆ" ಅನ್ನುವ ಮಾತು ಇನ್ನೊಂದು ಸಲ ಬರಲಿ ಅಂತ ಕಾಯುತ್ತೇನೆ. ಎಡಗಣ್ಣಿನ ಸರದಿ ಬಂದಾಗ ಪೆನ್ಸಿಲನ್ನು ಇನ್ನೂ ನಿಧಾನ ಸರಿಸುತ್ತೇನೆ.

ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಅತ್ತೆಯನ್ನು ಹೆಜ್ಜೆಗುರುತಿನ ಮೇಲೆ ನಿಲ್ಲಿಸಿ, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಅಳೆಯುತ್ತೇನೆ. ಒಂದು ಗೆರೆ ಬಗ್ಗಿದೆ ಅಂದರೂ ಆಟೋ ಕರೆಯುತ್ತೇನೆ. ಬಗ್ಗಿಲ್ಲ ಅಂದರೆ, ತಿಕ್ಕಿ ಬಳೆ ಸವೆದ ಟಾರ್ಚುಗಳು ಇನ್ನೂ ಇಪ್ಪತ್ತಮೂರು ಉಳಿದಿವೆ, ಕೂತು ಅವಕ್ಕೆ ಹೊಸ ಬಳೆ ಹಾಕುತ್ತೇನೆ.